ನೂರಾ ಎಪ್ಪತ್ಮೂರನೆಯ ಪಾಳಿ

ಶಿರವಾಳ, ತಾಲೂಕು ಶಹಾಪುರ
10 ಫೆಬ್ರುವರಿ 2025

ಬೆಂಗಳೂರಿನ ಬಾಹ್ಯಾಕಾಶ ಕಚೇರಿಯ ಮಾಹಿತಿ ಅಧಿಕಾರಿ ಸಾಹೇಬರಿಗೆ,

ಶಿರವಾಳದ ಮೋನಮ್ಮ ಮಾಡುವ ಜೈಭೀಮ. ವಯಸ್ಸು ಐವತ್ತೊಂಬತ್ತು. ಇಲ್ಲಿನ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡಿ ಹಾಕುತ್ತೇನೆ. ರಜೆ ಬಿದ್ದರೆ ಕಳೆ ತೆಗೆಯಲು, ಹತ್ತಿ ಬಿಡಿಸಲು ಹೋಗುತ್ತೇನೆ. ಅಕ್ಷರ ಕಲಿತದ್ದು ಮಕ್ಕಳಾದ ಮೇಲೆ, ಸಾಕ್ಷರತೆಯವರ ಸಂಜೆ ಶಾಲೆಯಲ್ಲಿ. ತಡವಾಗಿ ಕಲಿತವರಿಗೆ ಬರೆಯುವ ಚಟ ಹೆಚ್ಚು, ಬೇಸರ ಮಾಡಿಕೊಳ್ಳಬೇಡಿ.

ಹೋದ ವಾರ ಶಾಲೆಯ ಟಿವಿಯಲ್ಲಿ ಮಕ್ಕಳಿಗೆ ಬಾಹ್ಯಾಕಾಶ ತೋರಿಸಿದರು. ಬೇಳೆ ಒಲೆಯ ಮೇಲಿಟ್ಟು ನಾನೂ ಬಾಗಿಲಲ್ಲಿ ನಿಂತು ನೋಡಿದೆ. ಒಬ್ಬ ಹೆಣ್ಣುಮಗಳು ಗಾಳಿಯಲ್ಲಿ ಮೀನಿನ ಹಾಗೆ ಈಸುತ್ತಿದ್ದಳು. ಕೂದಲು ನಾಲ್ಕೂ ದಿಕ್ಕಿಗೆ ಎದ್ದಿತ್ತು. ಚೀಲದಿಂದ ನೀರು ಹಿಂಡಿದಳು. ನೀರು ಕೆಳಗೆ ಬೀಳಲೇ ಇಲ್ಲ, ಗುಂಡಗಾಗಿ ಅವಳ ಮುಖದ ಮುಂದೆ ನಿಂತಿತು. ಅವಳು ಮೆಲ್ಲಗೆ ಹತ್ತಿರ ಹೋಗಿ ಬಾಯಿ ಹಾಕಿ ಕುಡಿದಳು. ಅಷ್ಟರಲ್ಲಿ ನನ್ನ ಬೇಳೆ ತಳ ಹತ್ತಿತು. ಆವತ್ತಿನ ಸಾರು ಸೀದದ್ದಕ್ಕೆ ನಿಮ್ಮ ಇಲಾಖೆಯೇ ಕಾರಣ.

"ಅಲ್ಲಿಗಿ ಹೋಗಿ ಬರಾಕ ಎಷ್ಟ ಖರ್ಚ ಬರ್ತದ್ರಿ?" ಎಂದು ಸುನೀಲಕುಮಾರ ಮಾಸ್ತರರನ್ನು ಕೇಳಿದೆ.

"ನನ್ನ ಕೇಳಿದ್ರ ಏನ್ ಬಂತ್ರಿ ಮೋನಮ್ಮಾ? ಮಾಹಿತಿ ಹಕ್ಕಿನಾಗ ಅವರನ್ನೇ ಕೇಳ್ರಿ. ಹತ್ತ ರೂಪಾಯಿ ಕಟ್ಟಿದ್ರ ಮೂವತ್ತ ದಿನದಾಗ ಉತ್ತರ ಕೊಡಲೇಬೇಕು" ಎಂದರು. ಬಡವರ ಕಾರ್ಡು ಇದ್ದವರು ಆ ಹತ್ತೂ ಕೊಡಬೇಕಾಗಿಲ್ಲವಂತೆ. ನಾನು ಕೊಟ್ಟೇ ಕೇಳುತ್ತಿದ್ದೇನೆ. ಪೋಸ್ಟಲ್ ಆರ್ಡರು ಜೊತೆಗಿದೆ.

ಒಂದು, ಒಬ್ಬ ಮನುಷ್ಯನನ್ನು ಮೇಲೆ ಕಳಿಸಿ ಕರೆದು ತರಲು ಎಷ್ಟು ಖರ್ಚು? ಎರಡು, ಸೋಪು, ಚಹಾಪುಡಿ, ಚಪ್ಪಲಿ ಕೊಂಡಾಗಲೆಲ್ಲ ನಾನೂ ತೆರಿಗೆ ಕೊಟ್ಟಿದ್ದೇನೆ. ಆ ಖರ್ಚಿನಲ್ಲಿ ನನ್ನ ಪಾಲೆಷ್ಟು? ಮೂರು, ಪೈಲಟ್ ಅಲ್ಲದ, ಸಾಹುಕಾರ ಅಲ್ಲದ ಸಾದಾ ಮಂದಿಯನ್ನು ಯಾವಾಗಿನಿಂದ ಕರೆದೊಯ್ಯುತ್ತೀರಿ? ನಾಲ್ಕು, ಅದಕ್ಕೆ ಪಟ್ಟಿ ಇದ್ದರೆ ನನ್ನ ಹೆಸರು ಬರೆದುಕೊಳ್ಳಿ.

ಇಂತಿ,
ಮೋನಮ್ಮ, ಗಂಡ ದಿವಂಗತ ಅಂಬ್ರಪ್ಪ


ಬೆಂಗಳೂರು
6 ಮಾರ್ಚ್ 2025

ವಿಷಯ: ಮಾಹಿತಿ ಹಕ್ಕು ಅರ್ಜಿ
ನೋಂದಣಿ ಸಂಖ್ಯೆ: 173/2025

ಶ್ರೀಮತಿ ಮೋನಮ್ಮ ಅವರಿಗೆ,

ನಿಮ್ಮ ಅರ್ಜಿಯನ್ನು ಮೇಲ್ಕಂಡ ಸಂಖ್ಯೆಯಲ್ಲಿ ನೋಂದಾಯಿಸಿಕೊಳ್ಳಲಾಗಿದೆ. ವೆಚ್ಚವನ್ನು ಇಡೀ ಕಾರ್ಯಕ್ರಮಕ್ಕೆ ಒಟ್ಟಾಗಿ ನಿಗದಿಪಡಿಸುವುದರಿಂದ ಒಬ್ಬ ವ್ಯಕ್ತಿಗೆ ತಗಲುವ ವೆಚ್ಚದ ವಿವರ ಈ ಕಚೇರಿಯ ದಾಖಲೆಗಳಲ್ಲಿ ಲಭ್ಯವಿಲ್ಲ. ಎರಡನೆಯ ಅಂಶದ ಮಾಹಿತಿಯೂ ಲಭ್ಯವಿಲ್ಲ. ಸಾರ್ವಜನಿಕರ ಯಾನದ ಬಗ್ಗೆ ಯಾವುದೇ ನಿರ್ಧಾರ ದಾಖಲೆಗಳಲ್ಲಿ ಲಭ್ಯವಿಲ್ಲ. ನಾಲ್ಕನೆಯ ಅಂಶಕ್ಕೆ ಮೂರನೆಯ ಅಂಶದ ಉತ್ತರವನ್ನೇ ನೋಡಿಕೊಳ್ಳುವುದು. ಉತ್ತರ ಸಮಾಧಾನ ತರದಿದ್ದಲ್ಲಿ ಮೂವತ್ತು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು.

ಪಿ. ಎಸ್. ಮಾಲಿಪಾಟೀಲ
ಮಾಹಿತಿ ಅಧಿಕಾರಿ


ಶಿರವಾಳ
21 ಮಾರ್ಚ್ 2025

ಮಾಲಿಪಾಟೀಲ ಸಾಹೇಬರಿಗೆ,

ನಿಮ್ಮ ಕಾಗದ ಬಂತು. ನಾಲ್ಕು ಪ್ರಶ್ನೆಗೆ ಮೂರು ಸಲ "ಲಭ್ಯವಿಲ್ಲ" ಎಂದಿದ್ದೀರಿ. ನಮ್ಮೂರ ಕಿರಾಣಿ ಅಂಗಡಿಯಲ್ಲೂ ಇಷ್ಟು ಸಲ ಇಲ್ಲ ಅನ್ನುವುದಿಲ್ಲ. ಆದರೆ ನಂಬರು ಕೊಟ್ಟಿದ್ದೀರಲ್ಲ, ನನಗೆ ಅಷ್ಟು ಸಾಕು. ನೂರಾ ಎಪ್ಪತ್ಮೂರು.

ಅಂದರೆ ನನ್ನ ಮುಂದೆ ಇರುವವರು ನೂರಾ ಎಪ್ಪತ್ತೆರಡು ಮಂದಿ. ಇಷ್ಟು ದೊಡ್ಡ ದೇಶಕ್ಕೆ ಇದೇನು ಮಹಾ ಸಾಲು! ಮನೆ ಮಂಜೂರಿಯ ಪಟ್ಟಿಯಲ್ಲಿ ನನ್ನದು ನಾನೂರಾ ಆರು ಇತ್ತು, ಹನ್ನೊಂದು ವರ್ಷಕ್ಕೆ ಪಾಳಿ ಬಂತು. ನಳದ ಹತ್ತಿರ ನಮ್ಮ ಓಣಿಯವರು ಬೆಳಗಿನ ಜಾವ ಕೊಡ ಇಟ್ಟು ಸಾಲು ಹಿಡಿದು ಹೋಗುತ್ತೇವೆ, ನೀರು ಬರುವುದು ಹತ್ತು ಗಂಟೆಗೆ. ಕಾಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಸಾಹೇಬರೇ. ನಂಬರು ಸಿಕ್ಕವರಿಗೆ ಇವತ್ತಲ್ಲ ನಾಳೆ ಪಾಳಿ ಬರುತ್ತದೆ.

ಸುಲ್ತಾನಸಾಬನ ಚಹಾದಂಗಡಿಯಲ್ಲಿ ನಿಮ್ಮ ಕಾಗದ ಎಲ್ಲರಿಗೂ ಓದಿ ಹೇಳಿದೆ. "ಆ ರೊಕ್ಕದಾಗ ಊರಿಗೊಂದ ಬೋರ್ ಹೊಡಸಬಹುದಿತ್ತು" ಎಂದು ಒಬ್ಬ ಶುರು ಮಾಡಿದ. ಅರ್ಧ ತಾಸು ಜಗಳವೇ ಆಯಿತು. ಸುಲ್ತಾನಸಾಬ ಚಹಾ ಸೋಸುತ್ತ, "ಹೋಗ್ಲಿ ಬಿಡ್ರೋ. ಮೋನವ್ವಾ, ಮ್ಯಾಲ ಹೋದ್ರ ನಮ್ಮ ನೀರಿನ ಪೈಪ ಎಲ್ಲಿ ಒಡದದ ನೋಡಿ ಬಾ. ಕೆಳಗ ನಿಂತವರಿಗಿ ಯಾರಿಗೂ ಕಾಣವಲ್ದು" ಎಂದ. ಎಲ್ಲರೂ ನಕ್ಕರು. ನಾನು ನೋಡಿ ಬರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.

ಶಹಾಪುರದ ಗುಡ್ಡದಲ್ಲಿ ಬುದ್ಧ ಮಲಗಿದ್ದಾನೆ, ಕೇಳಿದ್ದೀರಾ? ಗುಡ್ಡಗಳೇ ಹಾಗೆ ಕೂಡಿ ಮೂಗು, ಎದೆ, ಮೊಣಕಾಲು ಆಗಿವೆ. ಅಂಗಾತ ಮಲಗಿ ಯಾವಾಗಲೂ ಆಕಾಶ ನೋಡುತ್ತಾನೆ. ನಿಮ್ಮ ಪಟ್ಟಿಯಲ್ಲಿ ಮೊದಲ ನಂಬರು ಅವನದೇ ಇರಬೇಕು. ಮಾಲಿಪಾಟೀಲ ಎಂಬ ಅಡ್ಡಹೆಸರು ನಮ್ಮ ಕಡೆಯದು. ನೀವು ಯಾವೂರವರು?

ಮೋನಮ್ಮ


ಬೆಂಗಳೂರು
17 ಏಪ್ರಿಲ್ 2025

ಶ್ರೀಮತಿ ಮೋನಮ್ಮ ಅವರಿಗೆ,

ನಿಮ್ಮ ದಿನಾಂಕ 21-3-2025ರ ಪತ್ರ ತಲುಪಿದೆ. ಅದರಲ್ಲಿ ಹೊಸ ಮಾಹಿತಿಯನ್ನು ಕೋರಿಲ್ಲವಾದ್ದರಿಂದ ಈ ಕಚೇರಿಯಿಂದ ಕ್ರಮದ ಅಗತ್ಯವಿರುವುದಿಲ್ಲ.

ಪಿ. ಎಸ್. ಮಾಲಿಪಾಟೀಲ

(ಇದನ್ನು ಕೈಯಿಂದ ಬರೆಯುತ್ತಿದ್ದೇನೆ. ನಾನು ಸಾಹೇಬನಲ್ಲ, ಹೆಂಗಸು. ಹೆಸರು ಪರಿಮಳಾ. ಬೇಳೆ ಸೀದದ್ದಕ್ಕೆ ಕ್ಷಮಿಸಿ. ಆ ನಂಬರಿನ ಬಗ್ಗೆ ನಿಮಗೊಂದು ಮಾತು ಹೇಳಬೇಕಿತ್ತು. ಇನ್ನೊಮ್ಮೆ ಬರೆಯುತ್ತೇನೆ.)


ಶಿರವಾಳ
8 ಮೇ 2025

ಪರಿಮಳಾ ಮೇಡಂ ಅವರಿಗೆ,

ಹೆಣ್ಣುಮಗಳೆಂದು ತಿಳಿದು ಸಮಾಧಾನವಾಯಿತು. ಸಾಹೇಬನಿಗೆ ಬರೆಯಲಾಗದ ಮಾತು ಬಹಳ ಇದ್ದವು.

ನಂಬರಿನ ಬಗ್ಗೆ ಏನು ಹೇಳಲಿದ್ದೀರಿ ಎಂದು ಅರ್ಥವಾಯಿತು. ಊರ ತುಂಬ ಸಾರಿಕೊಂಡು ತಿರುಗಬಾರದು, ಅಲ್ಲವೇ? ವಶೀಲಿ ಇದ್ದವರು ನಡುವೆ ತೂರಿಕೊಳ್ಳುತ್ತಾರೆ. ಇನ್ನು ಮೇಲೆ ಕಾಗದ ನನ್ನ ಟ್ರಂಕಿನಲ್ಲಿ, ಮದುವೆ ಸೀರೆಯ ಮಡಿಕೆಯೊಳಗೆ. ಯಾರು ಕೇಳಿದರೂ ತೋರಿಸುವುದಿಲ್ಲ.

ತಯಾರಿ ಶುರು ಮಾಡಿದ್ದೇನೆ. ಮೇಲೆ ತೂಕವೇ ಇರುವುದಿಲ್ಲವಂತೆ. ನನಗೆ ತೂಕ ಇಲ್ಲದೆ ಇದ್ದು ಗೊತ್ತಿಲ್ಲ. ಏಳು ವರ್ಷಕ್ಕೆ ತಲೆಯ ಮೇಲೆ ಸಿಂಬಿ ಇಟ್ಟರು. ಸಿಂಬಿ ಎಂದರೆ ಕೊಡದ ಕೆಳಗೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿ, ಬೆಂಗಳೂರಿನವರಿಗೆ ಗೊತ್ತಿರಲಿಕ್ಕಿಲ್ಲ. ಅದರ ಮೇಲೆ ನೀರು, ಕಟ್ಟಿಗೆ, ಮೇವು. ಹದಿನೈದಕ್ಕೆ ನಾರಾಯಣಪುರದ ಕಾಲುವೆಯ ಕೆಲಸದಲ್ಲಿ ಮಣ್ಣಿನ ಬುಟ್ಟಿ. ಅದಕ್ಕೇ ಗುರುವಾರ ತಲೆಯ ಮೇಲೆ ಏನನ್ನೂ ಹೊರಬಾರದು ಎಂದು ನೇಮ ಮಾಡಿಕೊಂಡಿದ್ದೇನೆ. ಮೊದಲ ಗುರುವಾರ ಬರಿಗೈಯಲ್ಲಿ ನಡೆದರೆ ನನ್ನ ಬಲಗೈ ತಾನಾಗಿಯೇ ಮೇಲೆ ಹೋಗಿ ಇಲ್ಲದ ಕೊಡವನ್ನು ಹಿಡಿಯುತ್ತಿತ್ತು. ಪಕ್ಕದ ಮನೆಯ ಖಾಜಾಬೀ, "ಯಾಕ ಮೋನವ್ವಾ, ಯಾರಿಗಿ ಸಲಾಮ ಹೊಡ್ಯಾಕತ್ತೀ?" ಎಂದು ಕೇಳಿದಳು. ಮೂರನೆಯ ಗುರುವಾರ ಕೈ ಸುಮ್ಮನಾಯಿತು. ಸಂಜೆ ಕಾಲುವೆಯ ದಂಡೆಯ ಮೇಲೆ ನಡೆದು ಬರುವಾಗ ಕುತ್ತಿಗೆ ಎಷ್ಟು ಉದ್ದವಾಗಿದೆ ಎನ್ನಿಸಿತು. ಹೆಜ್ಜೆ ಇಟ್ಟರೆ ಮಣ್ಣು ನನ್ನನ್ನು ಹಿಡಿಯದೆ ಬಿಟ್ಟುಕೊಡುತ್ತಿತ್ತು. ನಿಜ ಹೇಳುತ್ತೇನೆ, ಇನ್ನೊಂದು ಚೂರು ಗಾಳಿ ಬೀಸಿದ್ದರೆ ಎದ್ದೇ ಬಿಡುತ್ತಿದ್ದೆ.

ಯಾಕೆ ಹೋಗಬೇಕು ಎಂದು ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ. ನನ್ನ ತವರಿನಲ್ಲಿ ಒಂದು ಬಾವಿ ಇತ್ತು. ನಾವು ಇಳಿಯುವಂತಿರಲಿಲ್ಲ. ನಾನು, ಅವ್ವ ಕೊಡ ಇಟ್ಟು ದೂರ ನಿಲ್ಲುತ್ತಿದ್ದೆವು. ಮೇಲಿನ ಓಣಿಯ ಯಾರಾದರೂ ಬಂದು ಮನಸ್ಸಾದರೆ ಸೇದಿ, ಎತ್ತರದಿಂದ ನಮ್ಮ ಕೊಡಕ್ಕೆ ಸುರಿಯುತ್ತಿದ್ದರು. ಅರ್ಧ ನೀರು ಮಣ್ಣಿಗೆ. ಅದು ಪಾಳಿ ಅಲ್ಲ, ಮೇಡಂ. ಪಾಳಿ ಇದ್ದಲ್ಲಿ ನಿನ್ನ ಮುಂದೆ ಎಷ್ಟು ಮಂದಿ ಎಂದಾದರೂ ಗೊತ್ತಿರುತ್ತದೆ.

ಟಿವಿಯಲ್ಲಿ ಆ ನೀರು ಗಾಳಿಯಲ್ಲಿ ಹಾಗೇ ನಿಂತಿತ್ತಲ್ಲ. ಯಾರೂ ಸುರಿಯಲಿಲ್ಲ. ಅವಳೇ ಹೋಗಿ ಕುಡಿದಳು. ನನಗೆ ಅಂಥ ಒಂದು ಗುಟುಕು ಕುಡಿಯಬೇಕಾಗಿದೆ, ಮತ್ತೇನಿಲ್ಲ.

ಮೇಲೆ ಹೋಗುವಾಗ ಸಿಂಬಿ ತರಬಹುದೇ? ಹಾಕಿಕೊಳ್ಳದಿದ್ದರೂ ಜೊತೆಗೆ ಇರಲಿ ಎಂದು.

ಮೋನಮ್ಮ


ಬೆಂಗಳೂರು
30 ಮೇ 2025

ಮೋನಮ್ಮನವರೇ,

ಇದು ಕಚೇರಿಯ ಕಾಗದವಲ್ಲ, ನನ್ನ ಸ್ವಂತದ್ದು. ನಿಮ್ಮ ಪತ್ರವನ್ನು ಊಟದ ಬಿಡುವಿನಲ್ಲಿ ಓದಿದೆ. ಊಟ ಮಾಡುವುದು ಮರೆತುಹೋಯಿತು.

ಮೇಲೆ ಸಿಂಬಿ ಬೇಕಾಗುವುದಿಲ್ಲ. ನೂರು ಕೊಡ ನೀರನ್ನೂ ಒಂದು ಬೆರಳಿನಿಂದ ನೂಕಬಹುದು. ಅಲ್ಲಿರುವವರು ತೇಲುತ್ತಾರೆ ಎಂದು ನಾವು ಅನ್ನುತ್ತೇವೆ. ನಮ್ಮ ವಿಜ್ಞಾನಿಯೊಬ್ಬರು ನನಗೆ ಬಿಡಿಸಿ ಹೇಳಿದರು: ಅವರು ಬೀಳುತ್ತಲೇ ಇರುತ್ತಾರಂತೆ. ಭೂಮಿ ಕೆಳಗೆ ಬಾಗಿಕೊಂಡು ದೂರ ಸರಿಯುತ್ತ ಹೋಗುತ್ತದೆ, ಹಾಗಾಗಿ ನೆಲ ಸಿಗುವುದೇ ಇಲ್ಲ. ಬಿದ್ದರೂ ಪೆಟ್ಟಾಗದ ಜಾಗ ಅದು. ಅಲ್ಲಿ ದಿನಕ್ಕೆ ಹದಿನಾರು ಸಲ ಸೂರ್ಯ ಹುಟ್ಟುತ್ತಾನೆ. ವಾಪಸು ಬಂದವರಿಗೆ ಮೊದಮೊದಲು ತಮ್ಮ ಕೈಯೇ ಭಾರವಂತೆ.

ನಿಮ್ಮ ಎರಡನೆಯ ಪ್ರಶ್ನೆಗೆ "ಲಭ್ಯವಿಲ್ಲ" ಎಂದಿದ್ದೆ. ಕಚೇರಿಯ ಲೆಕ್ಕವಲ್ಲ, ನನ್ನ ಬಾಯಿಲೆಕ್ಕ: ಮನುಷ್ಯರನ್ನು ಕಳಿಸುವ ಕೆಲಸಕ್ಕೆ ಎಲ್ಲ ವರ್ಷದ್ದೂ ಸೇರಿಸಿ ದೇಶದ ಮಂದಿಗೆಲ್ಲ ಹಂಚಿದರೆ ತಲೆಗೆ ನೂರೈವತ್ತು ರೂಪಾಯಿಯ ಒಳಗೇ ಬರುತ್ತದೆ. ಅಷ್ಟು ನಿಮ್ಮ ಪಾಲು.

ನಂಬರಿನ ವಿಷಯ ನೀವು ತಿಳಿದುಕೊಂಡ ಹಾಗಲ್ಲ. ಅದನ್ನು ಕಾಗದದಲ್ಲಿ ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ನಿಮ್ಮ ಗುರುವಾರಗಳು ನಡೆಯಲಿ.

ಪರಿಮಳಾ


ಶಿರವಾಳ
22 ಜುಲೈ 2025

ತಂಗಿ ಪರಿಮಳಾ,

ತಂಗಿ ಅಂದದ್ದಕ್ಕೆ ಸಿಟ್ಟಾಗಬೇಡ. ಮೇಡಂ ಎಂದು ಬರೆದರೆ ಶಾಲೆಯ ಹೆಡ್ ಮೇಡಂ ಹತ್ತಿರ ಬೇಳೆ ಕೇಳಿದ ಹಾಗಾಗುತ್ತದೆ.

ನೂರೈವತ್ತು ಎಂದರೆ ಅರ್ಧ ದಿನದ ಕೂಲಿ. ನನ್ನ ಅರ್ಧ ದಿನದ ಕಳೆ ಆ ರಾಕೆಟ್ಟಿನಲ್ಲಿ ಇದೆ! ಮಲ್ಲಾಬಾಯಿಯ ಹೊಲದಲ್ಲಿ ಕುಳಿತಾಗ ಎಲ್ಲ ಹೆಂಗಸರಿಗೂ ಹೇಳಿದೆ. "ಹಂಗಾದ್ರ ನಮ್ಮದೂ ಅದ ಅನ್ನು" ಎಂದು ಅವರು ಲೆಕ್ಕ ಹಾಕಿ, ಹದಿನಾಲ್ಕು ಮಂದಿಯ ಏಳು ದಿನ ಮೇಲೆ ಹೋಗಿದೆ ಎಂದರು. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಎಲ್ಲರೂ ಒಮ್ಮೆ ಆಕಾಶ ನೋಡಿದೆವು, ನಮ್ಮ ಹೊಲ ನೋಡಿದ ಹಾಗೆ.

ಇನ್ನೊಂದು ಸಂತೋಷ. ನಮ್ಮ ದೇಶದವರೊಬ್ಬರು ಮೇಲಿನ ನಿಲ್ದಾಣಕ್ಕೆ ಹೋಗಿ, ಮೊನ್ನೆ ಸುಖವಾಗಿ ಇಳಿದರಲ್ಲ! ಶಾಲೆಯಲ್ಲಿ ಪೇಡೆ ಹಂಚಿದರು. ಒಬ್ಬರ ಪಾಳಿ ಮುಗಿಯಿತು. ಅಂದರೆ ಈಗ ನಾನು ನೂರಾ ಎಪ್ಪತ್ತೆರಡು. ನೀನು ನಂಬರಿನ ಬಗ್ಗೆ ಬರೆಯಲು ಹೆದರುತ್ತಿದ್ದೀ ಎಂದರೆ ಸಾಲು ಬೇಗ ಸರಿಯುತ್ತಿರಬೇಕು. ಬೇಡ, ಬರೆಯಬೇಡ. ನೌಕರಿಗೆ ತೊಂದರೆಯಾಗಬಾರದು.

ಈಗೀಗ ಒಂದು ಕನಸು ಬೀಳುತ್ತದೆ. ಹತ್ತಿ ತುಂಬಿದ ಟ್ರ್ಯಾಕ್ಟರಿನ ಮೇಲೆ ಅಂಗಾತ ಮಲಗಿದ್ದೇನೆ. ಮದುವೆಯಾದ ವರ್ಷ ಒಮ್ಮೆ ಹಾಗೆ ಮಲಗಿ ಶಹಾಪುರದವರೆಗೆ ಹೋಗಿದ್ದೆ, ಮೈಯೇ ಗೊತ್ತಾಗಿರಲಿಲ್ಲ. ಕನಸಿನಲ್ಲಿ ಟ್ರ್ಯಾಕ್ಟರ್ ಶಹಾಪುರದಲ್ಲಿ ನಿಲ್ಲುವುದಿಲ್ಲ. ಮಲಗಿದ ಬುದ್ಧನ ಎದೆಯ ಮೇಲೆ ಹಾದು ಹಾಗೇ ಮೇಲಕ್ಕೆ ಹೋಗುತ್ತದೆ. ಬುದ್ಧ ಕಣ್ಣು ತೆರೆದು, "ಬಂದೇನವಾ?" ಅನ್ನುತ್ತಾನೆ. ಎಲ್ಲ ಬೆಳ್ಳಗೆ, ಮಂಜು ಮಂಜು. ಎಚ್ಚರಾದ ಮೇಲೂ ಆ ಮಂಜು ಸ್ವಲ್ಪ ಹೊತ್ತು ಹೋಗುವುದಿಲ್ಲ.

ಹೋಗುವವರಿಗೆ ಕಣ್ಣು ಬಹಳ ಚುರುಕಾಗಿರಬೇಕು ಎಂದು ಪೇಪರಿನಲ್ಲಿ ಬಂದಿತ್ತಂತೆ. ಖರೆಯೇ?

ಮೋನಮ್ಮ


ಶಿರವಾಳ
15 ಸೆಪ್ಟೆಂಬರ್ 2025
(ಅಂಚೆ ಕಾರ್ಡು)

ಪರಿಮಳಾ, ನಿನ್ನ ಕಾಗದವಿಲ್ಲ. ಆರಾಮ ಇದ್ದೀಯಾ? ನನ್ನ ನಂಬರು ಹಾಗೇ ಇದೆಯಲ್ಲ? ಉತ್ತರ ಬರಿ. ಮೋನಮ್ಮ


ಬೆಂಗಳೂರು
25 ಸೆಪ್ಟೆಂಬರ್ 2025

ಮೋನಮ್ಮಕ್ಕಾ,

ಕಾರ್ಡು ನೋಡಿದೆ. ಒಂದೊಂದು ಅಕ್ಷರವೂ ನಿಂಬೆಹಣ್ಣಿನಷ್ಟು ದಪ್ಪ, ಸಾಲು ಕಾರ್ಡಿನ ಆಚೆ ಇಳಿದುಹೋಗಿದೆ. ನಿಮ್ಮ ಸಿಟ್ಟು ಅಕ್ಷರದಲ್ಲೇ ಕಾಣಿಸಿತು. ಸಿಟ್ಟಾಗುವುದು ನ್ಯಾಯವೇ. ಕೆಲಸದ ಒತ್ತಡವಿತ್ತು ಎಂದು ಬರೆದರೆ ಅದು ಅರ್ಧ ನಿಜ. ಉಳಿದರ್ಧ ಬರೆಯಲು ಕೂತು ನಾಲ್ಕು ಕಾಗದ ಹರಿದೆ.

ಕಣ್ಣಿನ ಬಗ್ಗೆ ಕೇಳಿದ್ದಿರಿ. ಹೌದು, ಹೋಗುವವರ ಕಣ್ಣನ್ನು ಬಿಗಿಯಾಗಿ ಪರೀಕ್ಷೆ ಮಾಡುತ್ತಾರೆ. ನಿಮಗೇಕೆ ಆ ಚಿಂತೆ? ಗುರುವಾರದ ನೇಮ ನಡೆದಿದೆಯೇ? ಬರೆಯಿರಿ.

ಪರಿಮಳಾ


ಶಿರವಾಳ
13 ಅಕ್ಟೋಬರ್ 2025

ತಂಗಿ ಪರಿಮಳಾ,

ಇದನ್ನು ನನ್ನ ಮೊಮ್ಮಗಳು ಭಾರತಿಯ ಕೈಯಿಂದ ಬರೆಸುತ್ತಿದ್ದೇನೆ. ಅವಳು ಶಹಾಪುರದಲ್ಲಿ ಪಿಯುಸಿ ಓದುತ್ತಾಳೆ, ಅಕ್ಷರ ನನ್ನದಕ್ಕಿಂತ ಚೆಂದ. ನನ್ನ ಕೈಗೆ ಸ್ವಲ್ಪ ಉಳುಕು, ಮತ್ತೇನಿಲ್ಲ. ನಿನ್ನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಕಣ್ಣೂ ಚೆನ್ನಾಗಿವೆ. ಗುರುವಾರ ನಡೆದಿದೆ. ನಂಬರು ಜೋಪಾನ.

ಮೋನಮ್ಮ

ಮೇಡಂ, ನಾನು ಭಾರತಿ. ಇಲ್ಲಿಂದ ಮುಂದಿನದನ್ನು ಅಜ್ಜಿಗೆ ಓದಿ ಹೇಳಿಲ್ಲ. ಅಜ್ಜಿಯ ಕೈಗೆ ಏನೂ ಆಗಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿದೆ. ಊರಿಗೆ ಬಂದಿದ್ದ ಕಣ್ಣಿನ ಶಿಬಿರದ ಡಾಕ್ಟರು ಜುಲೈಯಲ್ಲೇ ಆಪರೇಷನ್ ಮಾಡಿಸಿಕೊಳ್ಳಲು ಹೇಳಿದರು, ಪುಕ್ಕಟೆಯಾಗಿ. ಅಜ್ಜಿ ಒಲ್ಲೆ ಎಂದಳು. "ಕೊಯ್ದ ಕಣ್ಣಿನವರನ್ನ ಅವರು ಒಯ್ಯಂಗಿಲ್ಲ. ನನ್ನ ನಂಬರ ಹೋಗ್ತದ" ಅನ್ನುತ್ತಾಳೆ. ನಿಮ್ಮ ಕಾಗದ ಬಂದ ಮೇಲಂತೂ ಡಾಕ್ಟರ ಹೆಸರು ಎತ್ತಲು ಬಿಡುವುದಿಲ್ಲ. ಹೋದ ಸೋಮವಾರ ಶಾಲೆಯಲ್ಲಿ ಕುದಿಯುವ ಸಾರಿನ ಪಾತ್ರೆಯನ್ನು ತಡವಿಕೊಂಡು ಹುಡುಕಿ ಬೆರಳು ಸುಟ್ಟುಕೊಂಡಳು. ನೀವು ಹೇಳಿದರೆ ಮಾತ್ರ ಕೇಳುತ್ತಾಳೆ. ಆಪರೇಷನ್ ಆದರೂ ನಂಬರು ಹೋಗುವುದಿಲ್ಲ ಎಂದು ಒಂದು ಸಾಲು ಬರೆಯಿರಿ.


ಬೆಂಗಳೂರು
17 ಅಕ್ಟೋಬರ್ 2025

ಮೋನಮ್ಮಕ್ಕಾ,

ಭಾರತಿ, ಇದನ್ನು ಅಜ್ಜಿಗೆ ಪೂರ್ತಿ ಓದಿ ಹೇಳಮ್ಮ. ಒಂದು ಸಾಲನ್ನೂ ಬಿಡಬೇಡ.

ನಂಬರು ಹೋಗುವುದಿಲ್ಲ ಎಂದು ಬರೆದುಬಿಡುವುದು ಸುಲಭವಿತ್ತು. ಅದನ್ನು ಬರೆದೂ ಇದ್ದೆ, ಹರಿದು ಹಾಕಿದೆ. ಅಕ್ಕಾ, ಪಟ್ಟಿ ಇಲ್ಲ. ಯಾವತ್ತೂ ಇರಲಿಲ್ಲ. ನೂರಾ ಎಪ್ಪತ್ಮೂರು ನಿಮ್ಮ ಪಾಳಿಯಲ್ಲ, ನಿಮ್ಮ ಅರ್ಜಿಯ ನಂಬರು. ಈ ವರ್ಷ ನಮ್ಮ ಕಚೇರಿಗೆ ಬಂದ ನೂರಾ ಎಪ್ಪತ್ಮೂರನೆಯ ಕಾಗದ, ಅಷ್ಟೇ. ನಿಮ್ಮ ಮುಂದಿನ ನೂರಾ ಎಪ್ಪತ್ತೆರಡನೆಯವರು ಕ್ಯಾಂಟೀನಿನ ಗುತ್ತಿಗೆ ಯಾರಿಗೆ ಸಿಕ್ಕಿತು ಎಂದು ಕೇಳಿದವರು. ನಿಮ್ಮ ಹಿಂದಿನವರು ತಮ್ಮ ಪರೀಕ್ಷೆಯ ಅಂಕ ಕೇಳಿದವರು. ಆಕಾಶಕ್ಕೆ ಹೋಗುತ್ತೇನೆ ಎಂದವರು ನೀವೊಬ್ಬರೇ.

ನೀವು ಅದನ್ನು ಪಾಳಿ ಎಂದು ನಂಬಿದ್ದೀರಿ ಎಂದು ನಿಮ್ಮ ಎರಡನೆಯ ಕಾಗದ ಓದಿದಾಗಲೇ ನನಗೆ ಗೊತ್ತಾಗಿತ್ತು. ಯಾಕೆ ಗೊತ್ತಾಯಿತೆಂದರೆ, ನಾನು ಬೆಂಗಳೂರಿನವಳಲ್ಲ. ಬೆಳೆದದ್ದು ನಾರಾಯಣಪುರದ ನೀರಾವರಿ ಕ್ವಾರ್ಟರ್ಸಿನಲ್ಲಿ. ಅಪ್ಪ ಅಲ್ಲಿ ಗುಮಾಸ್ತರು. ಕೆಲಸ ಕೇಳಿ, ಪರಿಹಾರ ಕೇಳಿ ಬಂದವರ ಅರ್ಜಿಗೆಲ್ಲ ನಂಬರು ಹಾಕಿ ಕೊಡುತ್ತಿದ್ದರು. ಒಮ್ಮೆ ಕೇಳಿದ್ದೆ, ಇವರಿಗೆಲ್ಲ ಸಿಗುತ್ತದೆಯೇ ಎಂದು. "ಸಿಗತದೋ ಇಲ್ಲೋ ದೇವರಿಗೇ ಗೊತ್ತವಾ. ನಂಬರ ಕೊಟ್ರ ಮಂದಿ ಸಮಾಧಾನಲೇ ಮನಿಗಿ ಹೋಗ್ತಾರ" ಎಂದಿದ್ದರು. ನೀವು ಮಣ್ಣು ಹೊತ್ತ ಕಾಲುವೆ ನಮ್ಮ ಮನೆಯ ಹಿಂದೆಯೇ ಹರಿಯುತ್ತಿತ್ತು. ಸಿಂಬಿ ನನಗೆ ಚೆನ್ನಾಗಿ ಗೊತ್ತು. ಯಾವೂರು ಎಂದು ನೀವು ಕೇಳಿದಾಗ ಹೇಳಲಿಲ್ಲ, ಏಕೆಂದರೆ ನನ್ನ ಅಜ್ಜಿಯ ಊರಿನಲ್ಲಿ ನಮ್ಮದೂ ಒಂದು ಬಾವಿ ಇತ್ತು. ಎತ್ತರದಿಂದ ಸುರಿಯುತ್ತಿದ್ದವರಲ್ಲಿ ನಮ್ಮಜ್ಜಿಯೂ ಒಬ್ಬಳು. ಪುಣ್ಯದ ಕೆಲಸ ಮಾಡುತ್ತಿದ್ದೇನೆಂದೇ ಅವಳು ಸಾಯುವವರೆಗೂ ತಿಳಿದಿದ್ದಳು.

ನಾನು ಸುಳ್ಳು ಬರೆಯಲಿಲ್ಲ. ಆದರೆ ನಿಮ್ಮ ಮನೆಯಲ್ಲಿ ಒಂದು ಸುಳ್ಳು ಬೆಳೆಯುವುದನ್ನು ನೋಡುತ್ತ ಕುಳಿತೆ. ನಿಮ್ಮ ಗುರುವಾರಗಳ ಬಗ್ಗೆ ಓದುವುದು ನನಗೆ ಬೇಕಾಗಿತ್ತು. ಅದು ನನ್ನ ಸ್ವಾರ್ಥ. ಅದರ ಬೆಲೆ ನಿಮ್ಮ ಕಣ್ಣು ಎಂದು ಗೊತ್ತಿರಲಿಲ್ಲ. ದಪ್ಪ ಅಕ್ಷರ ನೋಡಿ ಸಿಟ್ಟು ಎಂದುಕೊಂಡೆ.

ಕಾಪಾಡಿಕೊಳ್ಳಬೇಕಾದ ನಂಬರು ಯಾವುದೂ ಇಲ್ಲ ಅಕ್ಕಾ. ಕಣ್ಣು ಮಾಡಿಸಿಕೊಳ್ಳಿ. ನನ್ನನ್ನು ಬೈದು ಬರೆಯುವುದಕ್ಕಾದರೂ.

ಪರಿಮಳಾ


ಶಿರವಾಳ
23 ಡಿಸೆಂಬರ್ 2025

ಪರಿಮಳಾ,

ಇದು ನನ್ನದೇ ಅಕ್ಷರ. ಸಾಲು ನೆಟ್ಟಗಿವೆ, ನೋಡು.

ಎರಡು ತಿಂಗಳು ಬರೆಯಲಿಲ್ಲ. ಅದರಲ್ಲಿ ಒಂದು ತಿಂಗಳು ಕಣ್ಣಿನದು, ಒಂದು ತಿಂಗಳು ಸಿಟ್ಟಿನದು. ನಿನ್ನ ಕಾಗದವನ್ನು ಭಾರತಿ ಓದಿದ ದಿನ ಟ್ರಂಕು ತೆಗೆದು ನಿನ್ನ ಮೊದಲನೆಯ ಕಾಗದವನ್ನು ಒಲೆಗೆ ಹಾಕಲು ಹೋದೆ. ಹಾಕಲಿಲ್ಲ. ಚಹಾದಂಗಡಿಗೆ ಹೋಗಿ, ನನ್ನದು ಪಾಳಿಯ ನಂಬರಲ್ಲವಂತೆ, ಸುಮ್ಮನೆ ಕಾಗದದ ನಂಬರಂತೆ ಎಂದು ಹೇಳಿದೆ. ಸುಲ್ತಾನಸಾಬ ಚೇಷ್ಟೆ ಮಾಡುತ್ತಾನೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡು ಹೋಗಿದ್ದೆ. ಅವನು ನಗಲಿಲ್ಲ. "ಕೂಡು ಮೋನವ್ವಾ, ಚಾ ಕುಡಿ" ಎಂದ. ಆಗ ಅಳು ಬಂತು. ನೀನು ಮಾಡಿದ್ದು ತಪ್ಪು. ನಿಮ್ಮ ಅಪ್ಪ ಮಾಡಿದ್ದೂ ತಪ್ಪು. ನಂಬರು ಕೊಟ್ಟರೆ ಮಂದಿ ಮನೆಗೆ ಹೋಗುವುದು ಸಮಾಧಾನದಿಂದಲ್ಲ, ನಂಬಿಕೆಯಿಂದ. ಇದನ್ನು ನಿನಗೆ ಯಾರೂ ಹೇಳಿರಲಿಕ್ಕಿಲ್ಲ, ಅದಕ್ಕೆ ನಾನು ಹೇಳಿದೆ. ಬೈಗುಳ ಇಲ್ಲಿಗೆ ಮುಗಿಯಿತು.

ಯಾದಗಿರಿಯಲ್ಲಿ ಕಣ್ಣು ಮಾಡಿದರು. ಪಟ್ಟಿ ಬಿಚ್ಚಿದ ಮೇಲೆ ಬಸ್ಸಿನಲ್ಲಿ ಬರುವಾಗ ಶಹಾಪುರದ ಗುಡ್ಡ ಕಂಡಿತು. ಬುದ್ಧನ ಮೂಗು, ತುಟಿ, ಎದೆಯ ಮೇಲಿನ ಒಂದೊಂದು ಬಂಡೆ! ಬಂಡೆಯ ಮೇಲೆ ಕೂತ ಹದ್ದು ಸಹ. ಹಗಲು ಇಷ್ಟು ಬೆಳ್ಳಗೆ ಇರುತ್ತದೆ ಎನ್ನುವುದೇ ಮರೆತುಹೋಗಿತ್ತು. ಕಿಟಕಿಗೆ ಹಣೆ ಹಚ್ಚಿಕೊಂಡು, ಆಕಾಶ ನೋಡುತ್ತ ಕೂತೆ. ಆಗ ಒಂದು ಮಾತು ಹೊಳೆಯಿತು.

ಹುಟ್ಟಿದಾಗಿನಿಂದ ನನ್ನ ಮುಂದೆ ಯಾರಾದರೂ ನಿಂತೇ ಇದ್ದರು. ಬಾವಿಯ ಹತ್ತಿರ, ರೇಷನ್ನಿಗೆ, ಮನೆಗೆ, ದವಾಖಾನೆಯಲ್ಲಿ ಕಣ್ಣಿಗೆ ಕೂಡ. ನೀನೇ ಬರೆದಿದ್ದೀ, ಪಟ್ಟಿ ಇಲ್ಲ ಎಂದು. ಪಟ್ಟಿಯೇ ಇಲ್ಲ ಎಂದರೆ ನನ್ನ ಮುಂದೆ ಯಾರೂ ಇಲ್ಲ.

ಅದಕ್ಕೆ ಇದು ಹೊಸ ಅರ್ಜಿ. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರು ಇಟ್ಟಿದ್ದೇನೆ. ಪ್ರಶ್ನೆ ಒಂದೇ: ಸಾದಾ ಮಂದಿಯ ಪಟ್ಟಿಯನ್ನು ಯಾವಾಗ ಶುರು ಮಾಡುತ್ತೀರಿ? ನನಗೆ ಅರವತ್ತಾಯಿತು. ನಾನು ಹೋಗಲಾರೆ ಎಂದು ನನಗೂ ತಿಳಿಯುತ್ತದೆ, ಹುಚ್ಚಿಯಲ್ಲ. ಆದರೆ ಶುರು ಮಾಡುವ ದಿನ, ಎಲ್ಲರಿಗಿಂತ ಮೊದಲು ಬಂದು ಶಿರವಾಳದ ಒಬ್ಬ ಹೆಂಗಸು ಸಾಲು ಹಿಡಿದಿದ್ದಳು ಎಂಬ ಮಾಹಿತಿ ನಿಮ್ಮ ದಾಖಲೆಯಲ್ಲಿ ಲಭ್ಯವಿರಲಿ. ನನ್ನ ನಂತರ ಭಾರತಿ ಬಂದು ನಿಲ್ಲುತ್ತಾಳೆ.

ನಳದ ಹತ್ತಿರ ನಿಲ್ಲಲು ಆಗದವರು ಕೊಡ ಇಟ್ಟು ಹೋಗುತ್ತಾರೆ ಎಂದು ಬರೆದಿದ್ದೆ. ಕೊಡವಿಲ್ಲದವರು ಸಿಂಬಿ ಇಡುತ್ತಾರೆ. ಇಟ್ಟ ಸಿಂಬಿಯನ್ನು ಎಂಥ ಜಗಳಗಂಟಿಯೂ ಸರಿಸುವುದಿಲ್ಲ. ನನ್ನ ಸಿಂಬಿಯನ್ನು ಪೊಟ್ಟಣದಲ್ಲಿ ಕಟ್ಟಿ ಕಳಿಸಿದ್ದೇನೆ. ನಾರಾಯಣಪುರದವಳು ನೀನು, ಎಲ್ಲಿಡಬೇಕೋ ನಿನಗೆ ಗೊತ್ತು.

ನಿನ್ನ ಅಕ್ಕ
ಮೋನಮ್ಮ


ಬೆಂಗಳೂರು
1 ಜನವರಿ 2026, ಗುರುವಾರ

ವಿಷಯ: ಮಾಹಿತಿ ಹಕ್ಕು ಅರ್ಜಿ
ನೋಂದಣಿ ಸಂಖ್ಯೆ: 1/2026

ಶ್ರೀಮತಿ ಮೋನಮ್ಮ ಅವರಿಗೆ,

ನಿಮ್ಮ ಅರ್ಜಿ ನಿನ್ನೆ ಮಧ್ಯಾಹ್ನವೇ ತಲುಪಿದ್ದು, ಕೆಲವು ಕಾರಣಗಳಿಂದ ಅದನ್ನು ಇಂದು ಬೆಳಿಗ್ಗೆ ಹೊಸ ವರ್ಷದ ವಹಿಯಲ್ಲಿ ಮೊದಲನೆಯದಾಗಿ ನೋಂದಾಯಿಸಲಾಗಿದೆ. ಈ ಸಂಖ್ಯೆಯು ಅರ್ಜಿಯದ್ದು ಮಾತ್ರ, ಪಾಳಿಯದ್ದಲ್ಲ ಎಂಬುದನ್ನು ಸ್ಪಷ್ಟಪಡಿಸಲಾಗಿದೆ. ಸಾರ್ವಜನಿಕರ ಪಟ್ಟಿಯು ಇನ್ನೂ ಆರಂಭವಾಗಿಲ್ಲ. ನಿಮ್ಮ ಪ್ರಶ್ನೆಯನ್ನು ಅದನ್ನು ನಿರ್ಧರಿಸಬೇಕಾದವರ ಮೇಜಿಗೆ, ನಿಮ್ಮದೇ ಮಾತುಗಳಲ್ಲಿ, ಕಳಿಸಲಾಗಿದೆ.

ಅರ್ಜಿಯೊಂದಿಗೆ ಬಂದ ಸಿಂಬಿ, ಒಂದು, ಸ್ವೀಕರಿಸಲಾಗಿದೆ. ಅದನ್ನು ವಹಿಯ ಪಕ್ಕದಲ್ಲಿ, ಮುಂದೆ ಯಾರೂ ಇಲ್ಲದ ಜಾಗದಲ್ಲಿ ಇಡಲಾಗಿದೆ. ಅದನ್ನು ಯಾರೂ ಸರಿಸುವುದಿಲ್ಲ.

ಪರಿಮಳಾ ಎಸ್. ಮಾಲಿಪಾಟೀಲ
ನಾರಾಯಣಪುರದವಳು